ಬಿಳಿಚಿದ ಹವಳಕ್ಕೆ ಮರುಜೀವ

ದೀರ್ಘ ರಜೆಯಲ್ಲಿ ಊರಿಗೆ ಹೋಗಿ ಪುಣೆಗೆ ಮರಳಿದಾಗ ಮನೆಯ ಅಕ್ವೇರಿಯಂನಲ್ಲಿರುವ ಮೃದು ಹವಳ ಮುದುಡಿ ಬಿಳಿಚಿಕೊಂಡಿದ್ದರೆ, ಅದು ಸತ್ತಿತೆಂದೇ ನಾವು ಭಾವಿಸುತ್ತೇವೆ. ಆದರೆ ಬಿಳಿಚಿದ ಹವಳವೆಲ್ಲ ಸತ್ತಿರುವುದಿಲ್ಲ.

ಹವಳ ಒಂದು ಪ್ರಾಣಿ. ಅದರ ಮೈಯೊಳಗೆ ನೆಲೆಸಿರುವ ಸೂಕ್ಷ್ಮ ಪಾಚಿಗಳು ಬೆಳಕಿನಿಂದ ಆಹಾರ ತಯಾರಿಸಿ ಅದಕ್ಕೂ ಉಣಿಸುತ್ತವೆ. ಅದರ ಬಣ್ಣವೂ ಬಹುಮಟ್ಟಿಗೆ ಅವುಗಳಿಂದಲೇ. ನೀರು ಕಾದಾಗ ಅಥವಾ ಉಪ್ಪಿನಂಶ ಏರುಪೇರಾದಾಗ ಹವಳವು ಈ ಪಾಚಿಗಳನ್ನು ಕಳೆದುಕೊಂಡು ಉಪವಾಸ ಬೀಳುತ್ತದೆ.

ಉಪಚಾರಕ್ಕೆ ಆತುರ ಸಲ್ಲದು. ನೀರು ಆವಿಯಾದರೂ ಉಪ್ಪು ತೊಟ್ಟಿಯಲ್ಲೇ ಉಳಿಯುವುದರಿಂದ, ತಗ್ಗಿದ ಮಟ್ಟವನ್ನು ಆರ್.ಓ. ಸಿಹಿನೀರಿನಿಂದ ಕೆಲವು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ತುಂಬಬೇಕು. ನಲ್ಲಿನೀರಿನ ಕ್ಲೋರಿನ್ ಹಾನಿಕರ. ಸಾಪೇಕ್ಷ ಸಾಂದ್ರತೆ 1.025, ಉಷ್ಣತೆ 25-26 ಡಿಗ್ರಿ ಸೆಲ್ಸಿಯಸ್ ಇರಬೇಕು. ವಾರಕ್ಕೆ ಶೇ. 10ರಷ್ಟು ನೀರನ್ನು ಅಷ್ಟೇ ಉಪ್ಪಿನಂಶವುಳ್ಳ ಹೊಸ ನೀರಿನಿಂದ ಬದಲಿಸಬೇಕು. ದೀಪದ ಬೆಳಕನ್ನು ಮೊದಲು ತಗ್ಗಿಸಿ, ವಾರಗಳು ಕಳೆದಂತೆ ಹೆಚ್ಚಿಸಬೇಕು. ಕೆಲವು ಬಗೆಗಳಲ್ಲಿ ತೀವ್ರ ವಿಷವಿರುವುದರಿಂದ ಕೈಗವಸಿಲ್ಲದೆ ಮುಟ್ಟಬಾರದು, ಮಕ್ಕಳನ್ನು ದೂರವಿಡಬೇಕು.

ದಿಬ್ಬ ಕಟ್ಟುವ ಕಲ್ಲುಹವಳಗಳನ್ನು ಮಾತ್ರ ಮನೆಗೆ ತರಲೇಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಅವು 2001ರಿಂದಲೂ ಇವೆ. ಅವುಗಳನ್ನು ಕಾಣಬಯಸುವ ಬಂಧುಗಳಿಗೆ ನಮ್ಮ ಮುರ್ಡೇಶ್ವರದ ಸಮೀಪ ನೇತ್ರಾಣಿ ದ್ವೀಪವಿದೆ. ಕಡಲು ಕಾದರೆ ಅಲ್ಲಿನ ಹವಳವೂ ಹೀಗೆಯೇ ಬಿಳಿಚುತ್ತದೆ. ಅಲ್ಲಿ ನೀರು ಬದಲಿಸಿ ಉಳಿಸಿಕೊಳ್ಳುವ ಉಪಾಯ ನಮಗಿಲ್ಲ.