ಗದ್ದಲದಲ್ಲೂ ಕೆಡದ ಸುದ್ದಿ

ಮಕ್ಕಳೇ, ಈ ಸಾಲನ್ನು ಓದಿ: 'ನಾ_ ಶಾ_ಗೆ ರ_'. ಮೂರು ಅಕ್ಷರಗಳು ಅಳಿಸಿಹೋಗಿವೆ. ಆದರೂ ನಿಮಗೆ ಅರ್ಥವಾಯಿತು, ಖುಷಿಯೂ ಆಯಿತು ಅಲ್ಲವೇ? ಈಗ ಇದನ್ನು ಓದಿ: 'ಪರೀಕ್ಷೆ _4ರಂದು'. 14ನೇ ತಾರೀಖೋ, 24ನೇ ತಾರೀಖೋ? ಹೇಳುವುದು ಹೇಗೆ? ಭಾಷೆಯಲ್ಲಿ ಅಕ್ಷರಗಳು ಒಂದಕ್ಕೊಂದು ಆಸರೆಯಾಗಿರುತ್ತವೆ. ಅಂಕಿಗಳಿಗೆ ಅಂಥ ಆಸರೆ ಇಲ್ಲ.

ಕಂಪ್ಯೂಟರ್, ಮೊಬೈಲ್, ಉಪಗ್ರಹಗಳು ಮಾತಾಡುವುದು ಅಂಕಿಗಳಲ್ಲೇ. ಅದೂ 0 ಮತ್ತು 1 ಎಂಬ ಎರಡೇ ಅಂಕಿಗಳಲ್ಲಿ. ದಾರಿಯಲ್ಲಿ ಮಿಂಚು, ಬೇರೆ ಯಂತ್ರಗಳ ಅಡ್ಡಿ ಮುಂತಾದವುಗಳಿಂದ 0 ಹೋಗಿ 1 ಆಗಬಹುದು. ಹೀಗೆ ಸಂಕೇತವನ್ನು ಕೆಡಿಸುವುದಕ್ಕೆಲ್ಲ ವಿಜ್ಞಾನದಲ್ಲಿ 'ಗದ್ದಲ' ಎಂದೇ ಹೆಸರು. ಅದು ಕಿವಿಗೆ ಕೇಳಬೇಕೆಂದೇನೂ ಇಲ್ಲ!

ಪ್ರತಿ ಅಂಕಿಯನ್ನೂ ಮೂರು ಸಲ ಕಳಿಸಿದರೆ? 1ರ ಬದಲು 111. ಅದು ಕೆಟ್ಟು 101 ಆಗಿ ಬಂದರೂ ಬಹುಮತ 1ಕ್ಕೇ ಇದೆ. ಉಪಾಯವೇನೋ ಸರಿ, ಆದರೆ ಮೂರು ಪಟ್ಟು ಸಮಯ ಬೇಕು.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರಿಚರ್ಡ್ ಹ್ಯಾಮಿಂಗ್ ಎಂಬ ಗಣಿತಜ್ಞರಿದ್ದರು. 1947ರ ಸುಮಾರಿಗೆ ಅಲ್ಲಿನ ಕಂಪ್ಯೂಟರ್ ಅವರಿಗೆ ಸಿಗುತ್ತಿದ್ದುದು ವಾರಾಂತ್ಯದಲ್ಲಿ ಮಾತ್ರ. ನಡುವೆ ತಪ್ಪು ಕಂಡರೆ ಯಂತ್ರ ಅವರ ಲೆಕ್ಕವನ್ನು ಅಲ್ಲಿಗೇ ಬಿಟ್ಟು ಮುಂದಿನ ಕೆಲಸಕ್ಕೆ ಹೋಗಿಬಿಡುತ್ತಿತ್ತು. ಸೋಮವಾರ ಬಂದು ನೋಡಿದರೆ ಉತ್ತರವೇ ಇಲ್ಲ! ಎರಡು ವಾರ ಹೀಗೇ ಆದಾಗ ಅವರಿಗೆ ರೇಗಿತು. ತಪ್ಪಾಗಿದೆ ಎಂದು ಯಂತ್ರಕ್ಕೆ ತಿಳಿಯುವುದಾದರೆ, ಎಲ್ಲಿ ತಪ್ಪಾಗಿದೆ ಎಂದು ಏಕೆ ತಿಳಿಯಬಾರದು? 1950ರಲ್ಲಿ ಅವರು ಇದಕ್ಕೆ ಉತ್ತರ ಪ್ರಕಟಿಸಿದರು. ಅದರ ಒಳಗುಟ್ಟನ್ನು ನೀವೇ ಮಾಡಿ ನೋಡಬಹುದು. ಸ್ಲೇಟಿನ ಮೇಲೆ ಹೀಗೆ ಬರೆಯಿರಿ:

1 0 1 | 0
0 1 0 | 1
1 1 1 | 1
0 0 0 | 0

ಎಡಮೇಲಿನ 9 ಅಂಕಿಗಳು ನಿಮ್ಮ ಸುದ್ದಿ. ಬಲಗಡೆಯ ಮತ್ತು ಕೆಳಗಿನ 7 ಅಂಕಿಗಳು ಕಾವಲುಗಾರರು. ಪ್ರತಿ ಅಡ್ಡಸಾಲಿನಲ್ಲೂ ಪ್ರತಿ ಕಂಬಸಾಲಿನಲ್ಲೂ 1ಗಳ ಸಂಖ್ಯೆ ಸಮ ಆಗುವಂತೆ ಅವರನ್ನು ನಿಲ್ಲಿಸಿದ್ದೇವೆ. ಎಣಿಸಿ ನೋಡಿ. ಈಗ ನೀವು ಆಚೆ ತಿರುಗಿ, ಗೆಳತಿಗೆ ಯಾವುದಾದರೂ ಒಂದು ಅಂಕಿಯನ್ನು ಬದಲಿಸಲು ಹೇಳಿ. ಬಳಿಕ ಸಾಲುಗಳನ್ನು ಎಣಿಸಿ. ಒಂದು ಅಡ್ಡಸಾಲು, ಒಂದು ಕಂಬಸಾಲು ಮಾತ್ರ ಬೆಸವಾಗಿರುತ್ತವೆ. ಅವೆರಡೂ ಕೂಡುವಲ್ಲೇ ಕಳ್ಳ! (ಗೆಳತಿ ಎರಡು ಅಂಕಿ ಬದಲಿಸಿದರೆ ತಪ್ಪಾಗಿದೆ ಎಂಬುದು ತಿಳಿಯುತ್ತದೆ, ಎಲ್ಲಿ ಎಂಬುದು ತಿಳಿಯದು. ಏಕೆಂದು ಯೋಚಿಸಿ.)

ನಾವು 9 ಅಂಕಿಗಳಿಗೆ 7 ಕಾವಲುಗಾರರನ್ನು ಇಟ್ಟೆವು. ಹ್ಯಾಮಿಂಗ್ ವಿಧಾನದಲ್ಲಿ 4 ಮಂದಿ ಸಾಕು.

ಅದೇ ಪ್ರಯೋಗಾಲಯದ ಕ್ಲಾಡ್ ಶಾನನ್ 1948ರಲ್ಲಿ ಇನ್ನೂ ದೊಡ್ಡ ಮಾತನ್ನು ಸಾಧಿಸಿ ತೋರಿಸಿದ್ದರು. ಗದ್ದಲವಿರುವ ಪ್ರತಿ ದಾರಿಗೂ ಒಂದು ವೇಗಮಿತಿ ಇದೆ. ಅದನ್ನು ಮೀರದಿದ್ದರೆ, ತಕ್ಕ ಸಂಕೇತ ಬಳಸಿ ತಪ್ಪುಗಳನ್ನು ಎಷ್ಟು ಬೇಕಾದರೂ ಕಡಿಮೆ ಮಾಡಬಹುದು.

1971ರ ನವೆಂಬರ್‌ನಲ್ಲಿ ಮ್ಯಾರಿನರ್ 9 ನೌಕೆ ಮಂಗಳ ಗ್ರಹವನ್ನು ಸುತ್ತತೊಡಗಿತು. ಅಲ್ಲಿಂದ ಸಂಕೇತ ಭೂಮಿಗೆ ಬರಲು ಹಲವು ನಿಮಿಷ ಬೇಕು. ಬರುವಷ್ಟರಲ್ಲಿ ಅದು ತೀರಾ ಕ್ಷೀಣವಾಗಿರುತ್ತದೆ. 'ಏನಂದೆ? ಇನ್ನೊಮ್ಮೆ ಹೇಳು' ಎಂದು ಪ್ರತಿ ಸಲ ಕೇಳುತ್ತ ಕೂರಲಾಗದು. ಚಿತ್ರದ ಮಾಹಿತಿಯನ್ನು 6 ಅಂಕಿಗಳ ತುಂಡುಗಳಾಗಿ ಒಡೆಯಲಾಗುತ್ತಿತ್ತು. ಅಂಥ ಒಂದೊಂದು ತುಂಡಿಗೂ ನೌಕೆ ಕಳಿಸಿದ್ದು 32 ಅಂಕಿ! ಅವುಗಳಲ್ಲಿ 7 ಕೆಟ್ಟರೂ ಸರಿಯಾದ ಮಾಹಿತಿ ಸಿಗುತ್ತಿತ್ತು. ಹೀಗೆ 7,329 ಚಿತ್ರಗಳು ಬಂದವು. ಭಾರಿ ಜ್ವಾಲಾಮುಖಿಗಳನ್ನೂ ಸಾವಿರಾರು ಕಿಲೋಮೀಟರ್ ಉದ್ದದ ಕಣಿವೆಯನ್ನೂ ಜನ ಮೊದಲ ಸಲ ಸ್ಪಷ್ಟವಾಗಿ ನೋಡಿದರು.

ಅಂಗಡಿಯಲ್ಲಿ ಅಂಟಿಸಿರುವ ಕ್ಯೂಆರ್ ಕೋಡ್ ಒಳಗೂ ಇಂಥ ಕಾವಲುಗಾರರಿದ್ದಾರೆ. ಮನೆಯಲ್ಲಿ ಯಾವುದಾದರೂ ಕ್ಯೂಆರ್ ಕೋಡ್ ಸಿಕ್ಕರೆ, ಅದರ ನಡುವೆ ಕಡಲೆಬೇಳೆಯಷ್ಟು ಕಾಗದದ ಚೂರು ಇಟ್ಟು, ದೊಡ್ಡವರ ಮೊಬೈಲ್‌ನಿಂದ ಓದಿಸಿ ನೋಡಿ. ಮೂಲೆಗಳ ಮೂರು ದೊಡ್ಡ ಚೌಕಗಳನ್ನು ಮಾತ್ರ ಮುಚ್ಚಬೇಡಿ. ಕೋಡ್ ಎಲ್ಲಿದೆ, ಯಾವ ಕಡೆ ತಿರುಗಿದೆ ಎಂದು ಮೊಬೈಲ್ ತಿಳಿಯುವುದು ಅವುಗಳಿಂದಲೇ.