ರೂಪ ಮತ್ತು ಚಲನೆ: ತೊಗಲುಗೊಂಬೆ ಹಾಗೂ ಗಣಕ ಅನಿಮೇಶನ್

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲೂಕುಗಳು ಇಂದು ವಿಜಯನಗರ ಜಿಲ್ಲೆಗೆ ಸೇರಿವೆ. 2021ರಲ್ಲಿ ಈ ಜಿಲ್ಲೆ ರಚನೆಯಾಗುವ ಮೊದಲು ಬಹುಕಾಲ ಬಳ್ಳಾರಿ ಜಿಲ್ಲೆಯ ಪಶ್ಚಿಮ ಭಾಗವಾಗಿದ್ದ ಈ ಸೀಮೆ ಬಯಲಾಟ ಮತ್ತು ತೊಗಲುಗೊಂಬೆಯಾಟಗಳ ನೆಲ. ಮಳೆ ಬಾರದ ವರ್ಷಗಳಲ್ಲಿ ಕಿಳ್ಳೇಕ್ಯಾತರನ್ನು ಕರೆಸಿ ಆಟವಾಡಿಸಿದರೆ ಮಳೆಯಾಗುತ್ತದೆಂಬ ನಂಬಿಕೆ ಬಯಲುಸೀಮೆಯ ಹಳ್ಳಿಗಳಲ್ಲಿತ್ತು. ಪರದೆಯ ಮೇಲೆ ಚಲಿಸುವ ಚಿತ್ರ ಇಲ್ಲಿನ ಜನಕ್ಕೆ ಸಿನಿಮಾದಿಂದ ಮೊದಲ ಬಾರಿಗೆ ಪರಿಚಯವಾದದ್ದಲ್ಲ ಎಂಬುದನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು. ತೊಗಲುಗೊಂಬೆಯೇ ಗಣಕ ಅನಿಮೇಶನ್ನಿನ ಮೂಲವೆಂದು ಹೇಳುವುದು ಅತಿಶಯೋಕ್ತಿ. ಆದರೆ ಇವೆರಡೂ ಎದುರಿಸಿದ ಸಮಸ್ಯೆ ಒಂದೇ: ನಿರ್ಜೀವ ರೂಪಕ್ಕೆ ಚಲನೆಯನ್ನು ಕೊಡುವುದು ಹೇಗೆ?

ಆಡು ಅಥವಾ ಜಿಂಕೆಯ ಚರ್ಮವನ್ನು ಬೆಳಕು ಹಾಯುವಷ್ಟು ಹದಮಾಡಿ, ಬಣ್ಣ ಹಾಕಿ, ಆಭರಣ ವಸ್ತ್ರಗಳು ಕಾಣುವಂತೆ ರಂಧ್ರ ಕೊರೆದು ಗೊಂಬೆಯನ್ನು ಸಿದ್ಧಪಡಿಸುತ್ತಾರೆ. ಪಾತ್ರದ ಸ್ಥಾನಮಾನಕ್ಕೆ ತಕ್ಕಂತೆ ಗೊಂಬೆಯ ಗಾತ್ರವೂ ಬದಲಾಗುತ್ತದೆ. ಕೆಲವು ಗೊಂಬೆಗಳಿಗೆ ಮಾತ್ರ ಕೈ, ತಲೆಗಳಲ್ಲಿ ಕೀಲುಗಳಿರುತ್ತವೆ. ಗೊಂಬೆಯಲ್ಲಿರುವುದು ಚಲನೆಯ ಸಾಧ್ಯತೆಯಷ್ಟೇ. ಚಲನೆ ಇರುವುದು ಆಡಿಸುವವನ ಕೈಯಲ್ಲಿ. ಗೊಂಬೆ ಪರದೆಗೆ ತಾಗಿದಾಗ ಸ್ಪಷ್ಟವಾಗುವುದು, ದೂರ ಸರಿದಾಗ ಮಸುಕಾಗುವುದು, ಮಾತಿನ ಲಯಕ್ಕೆ ತೋಳು ಮೇಲೇಳುವುದು, ಇವೆಲ್ಲ ಚರ್ಮದ ಮೇಲೆ ಬರೆದಿಟ್ಟ ಸಂಗತಿಗಳಲ್ಲ.

ಗಣಕ ಅನಿಮೇಶನ್ನಿನ ಇತಿಹಾಸವೂ ರೂಪ ಮತ್ತು ಚಲನೆಗಳ ಈ ವಿಭಜನೆಯಿಂದಲೇ ಬೆಳೆದಿದೆ. 1972ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಎಡ್ ಕ್ಯಾಟ್‌ಮಲ್ ತನ್ನ ಎಡಗೈಯ ಅಚ್ಚು ತೆಗೆದು, ಅದರ ಮೇಲ್ಮೈಯಲ್ಲಿ ಸುಮಾರು 350 ತ್ರಿಕೋನ, ಬಹುಭುಜಗಳನ್ನು ಗೆರೆಯೆಳೆದು, ಅವುಗಳ ಮೂಲೆಗಳ ಸ್ಥಾನವನ್ನು ಅಳೆದು ಗಣಕಕ್ಕೆ ಉಣಿಸಿದರು. ಉದ್ದ, ಅಗಲ, ಆಳಗಳೆಂಬ ಮೂರು ಸಂಖ್ಯೆಗಳಿಂದ ಪ್ರತಿಯೊಂದು ಬಿಂದುವನ್ನೂ ಗುರುತಿಸುವ ಈ ಕ್ರಮವೇ ಮೂರು ಆಯಾಮದ ಚಿತ್ರಣದ ತಳಹದಿ. ಆ ಕೈಯ ಚಿತ್ರವನ್ನು 1976ರ ‘ಫ್ಯೂಚರ್‌ವರ್ಲ್ಡ್’ ಚಲನಚಿತ್ರದಲ್ಲಿ ಬಳಸಲಾಯಿತು. ಪೂರ್ಣವಾಗಿ ಗಣಕದಲ್ಲೇ ರೂಪುಗೊಂಡ ಮೊದಲ ಕಥಾಚಿತ್ರ ‘ಟಾಯ್ ಸ್ಟೋರಿ’ 1995ರಲ್ಲಿ ಬರುವ ಹೊತ್ತಿಗೆ ವುಡಿ ಎಂಬ ಒಂದೇ ಬೊಂಬೆಯನ್ನು ಆಡಿಸಲು 700ಕ್ಕೂ ಹೆಚ್ಚು ನಿಯಂತ್ರಕಗಳಿದ್ದವು. ಇವು ಒಂದರ್ಥದಲ್ಲಿ ಗಣಕದೊಳಗಿನ ಕೀಲುಗಳು ಮತ್ತು ಕಡ್ಡಿಗಳು.

ಈ ನಡುವೆ, 1993ರ ‘ಜುರಾಸಿಕ್ ಪಾರ್ಕ್’ ಚಿತ್ರದ ಸಿದ್ಧತೆಯಲ್ಲಿ ನಡೆದ ಒಂದು ಪ್ರಯೋಗ ಹೆಚ್ಚು ಅರ್ಥಪೂರ್ಣವಾದುದು. ಗೊಂಬೆಗಳನ್ನು ಕೈಯಿಂದ ಇಷ್ಟಿಷ್ಟೇ ಸರಿಸಿ ಚಿತ್ರೀಕರಿಸುತ್ತಿದ್ದ ಫಿಲ್ ಟಿಪೆಟ್ ತಂಡದ ಕಲಾವಿದರಿಗೆ ಗಣಕದ ಬಳಕೆ ಹೊಸದು. ಗಣಕ ಬಲ್ಲವರಿಗೆ ಪ್ರಾಣಿಯ ನಡಿಗೆಯ ಅನುಭವ ಕಡಿಮೆ. ಆದ್ದರಿಂದ ಕೀಲುಗಳಲ್ಲಿ ಸಂವೇದಕಗಳನ್ನು ಅಳವಡಿಸಿದ ಲೋಹದ ಡೈನೋಸಾರ್ ಅಸ್ಥಿಪಂಜರವೊಂದನ್ನು ನಿರ್ಮಿಸಲಾಯಿತು. ಕಲಾವಿದ ಅದನ್ನು ಕೈಯಿಂದ ಆಡಿಸಿದಂತೆ ಪರದೆಯ ಮೇಲಿನ ರೂಪವೂ ಚಲಿಸಿತು. ಕೈಯ ತಿಳಿವಳಿಕೆ ಹೀಗೆ ಸಂಖ್ಯೆಯಾಗಿ ಉಳಿಯಿತು.

ಕನ್ನಡ ಚಲನಚಿತ್ರಗಳ ಸಂದರ್ಭದಲ್ಲಿ ‘ತ್ರೀಡಿ’ ಎಂಬ ಮಾತಿಗೆ ಎರಡು ಅರ್ಥಗಳಿರುವುದನ್ನು ಬೇರ್ಪಡಿಸಿಕೊಳ್ಳಬೇಕು. ಒಂದು, ಎರಡು ಕಣ್ಣುಗಳಿಗೆ ಎರಡು ಭಿನ್ನ ಚಿತ್ರಗಳನ್ನು ತೋರಿಸಿ ಆಳದ ಭ್ರಮೆ ಹುಟ್ಟಿಸುವ ವಿಧಾನ. 2012ರ ‘ಕಠಾರಿವೀರ ಸುರಸುಂದರಾಂಗಿ’, 2019ರ ‘ಕುರುಕ್ಷೇತ್ರ’, 2022ರ ‘ವಿಕ್ರಾಂತ್ ರೋಣ’ ಈ ವಿಧಾನದಲ್ಲಿ ತೆರೆಕಂಡವು. ಇನ್ನೊಂದು, ಗಣಕದಲ್ಲಿ ಘನರೂಪವನ್ನೇ ರಚಿಸುವ ವಿಧಾನ. 2009ರಲ್ಲಿ ನಿಧನರಾದ ವಿಷ್ಣುವರ್ಧನ್ ಅವರನ್ನು ಕೋಡಿ ರಾಮಕೃಷ್ಣ ನಿರ್ದೇಶನದ 2016ರ ‘ನಾಗರಹಾವು’ ಚಿತ್ರದಲ್ಲಿ ಕಾಣಿಸಿದ್ದು ಗಣಕ ತಂತ್ರದ ಮೂಲಕ. ಅಲ್ಲಿ ಮುಖ ವಿಷ್ಣುವರ್ಧನ್ ಅವರದು, ಚಲಿಸಿದ ದೇಹ ಮತ್ತೊಬ್ಬ ಕಲಾವಿದರದು. ರೂಪವನ್ನು ಮರಳಿ ಪಡೆಯಬಹುದು, ದಾಖಲಾಗದೆ ಹೋದ ಚಲನೆಯನ್ನು ಎರವಲು ತರಬೇಕಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ಈ ವಿವೇಚನೆ ಜಾನಪದ ಅಧ್ಯಯನಕ್ಕೆ ನೇರವಾಗಿ ಸಂಬಂಧಿಸಿದೆ. ತೊಗಲುಗೊಂಬೆಗಳ ಸಂಗ್ರಹ, ಛಾಯಾಚಿತ್ರ, ಪ್ರಸಂಗಗಳ ಲಿಖಿತ ಪಾಠ, ಇವೆಲ್ಲ ಅಗತ್ಯವಾದ ಕಾರ್ಯಗಳೇ. ಆದರೆ ಗಾಜಿನ ಪೆಟ್ಟಿಗೆಯಲ್ಲಿಟ್ಟ ಗೊಂಬೆ ರೂಪವನ್ನು ಮಾತ್ರ ಉಳಿಸುತ್ತದೆ. ಬಳ್ಳಾರಿಯ ಹಿರಿಯ ಗೊಂಬೆಯಾಟಗಾರ ಬೆಳಗಲ್ಲು ವೀರಣ್ಣ 2023ರಲ್ಲಿ ನಿಧನರಾದರು. ನೆರೆಯ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ದೊರೆತಾಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಇಂಥ ಹಿರಿಯರ ಕೈಚಳಕವನ್ನು ಪರದೆಯ ಮುಂದಿನಿಂದ ಚಿತ್ರೀಕರಿಸಿದರೆ ನೆರಳು ದಾಖಲಾಗುತ್ತದೆ, ಕೈ ದಾಖಲಾಗುವುದಿಲ್ಲ. ಪರದೆಯ ಹಿಂಬದಿಯಿಂದಲೂ ಏಕಕಾಲಕ್ಕೆ ಚಿತ್ರೀಕರಿಸುವುದು, ಯಾವ ಮಾತಿಗೆ ಯಾವ ಕಡ್ಡಿ ಎತ್ತಿದರೆಂದು ಪಾಠದ ಪಕ್ಕದಲ್ಲೇ ಗುರುತಿಸುವುದು, ಸಾಧ್ಯವಾದಲ್ಲಿ ಕೀಲುಗಳ ಚಲನೆಯನ್ನು ಗಣಕಕ್ಕೆ ಇಳಿಸುವುದು ಕ್ಷೇತ್ರಕಾರ್ಯದ ಭಾಗವಾಗಬೇಕಿದೆ.

ಪ್ರಹ್ಲಾದ, ನರಸಿಂಹರ ಕಥೆ 2025ರಲ್ಲಿ ‘ಮಹಾವತಾರ್ ನರಸಿಂಹ’ ಎಂಬ ಗಣಕ ಅನಿಮೇಶನ್ ಚಿತ್ರವಾಗಿ ಕನ್ನಡದಲ್ಲಿಯೂ ತೆರೆಗೆ ಬಂದಿತು. ಪುರಾಣದ ಕಥೆಗಳು ಹೀಗೆ ಹೊಸ ಪರದೆಯನ್ನು ಹುಡುಕಿಕೊಳ್ಳುತ್ತವೆ. ಆದರೆ ಅವುಗಳನ್ನು ಈ ಸೀಮೆಯಲ್ಲಿ ಕುಣಿಸಿದ ಕೈಗಳ ವ್ಯಾಕರಣ ತಾನಾಗಿ ಉಳಿಯುವಂಥದ್ದಲ್ಲ. ಅದು ಇನ್ನೂ ಕೆಲವರ ಕೈಯಲ್ಲಿರುವಾಗಲೇ ದಾಖಲಾಗಬೇಕು.