ವೆಸ್ಟ್ ಬೇಡನ್ನಿನ ಗುಮ್ಮಟ

ಮನುಷ್ಯರಿಗಿರುವಂತೆ ಕಟ್ಟಡಗಳಿಗೂ ಬಾಲ್ಯ, ಯೌವನ, ವಾರ್ಧಕ್ಯಗಳುಂಟು. ಕಳೆದುಹೋದ ಯೌವನವನ್ನು ಮರಳಿ ಪಡೆಯುವ ಭಾಗ್ಯ ಮನುಷ್ಯನಿಗಿಲ್ಲ. ಕಟ್ಟಡಕ್ಕೆ ಎಲ್ಲೋ ಒಮ್ಮೊಮ್ಮೆ ಅದು ಒದಗಿಬರುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಇಂಡಿಯಾನಾ ರಾಜ್ಯದಲ್ಲಿರುವ ವೆಸ್ಟ್ ಬೇಡನ್ ಸ್ಪ್ರಿಂಗ್ಸ್ ಹೋಟೆಲು ಅಂತಹ ಭಾಗ್ಯವನ್ನು ಪಡೆದ ಕಟ್ಟಡ.

ಇಂಡಿಯಾನಾದ ದಕ್ಷಿಣ ಭಾಗದಲ್ಲಿ, ಕಾಡು ತುಂಬಿದ ಗುಡ್ಡಗಳ ನಡುವೆ ಒಂದು ಕಣಿವೆಯಿದೆ. ಅಲ್ಲಿ ಗಂಧಕದ ವಾಸನೆಯಿಂದ ಕೂಡಿದ ಲವಣಜಲದ ಬುಗ್ಗೆಗಳಿದ್ದವು. ಹಿಂದೆ ಕಾಡುಪ್ರಾಣಿಗಳು ಉಪ್ಪನ್ನು ನೆಕ್ಕಲು ಅಲ್ಲಿಗೆ ಬರುತ್ತಿದ್ದವು. ನೆರೆಯ ಊರಾದ ಫ್ರೆಂಚ್ ಲಿಕ್ಕಿನ ಹೆಸರಿನಲ್ಲಿರುವ ‘ಲಿಕ್’ ಎಂಬ ಮಾತಿಗೆ ನೆಕ್ಕುವುದೆಂದೇ ಅರ್ಥ. ಇಂತಹ ನೀರನ್ನು ಕುಡಿದರೆ, ಅದರಲ್ಲಿ ಮಿಂದರೆ ರೋಗಗಳು ದೂರವಾಗುವುವೆಂದು ಹತ್ತೊಂಬತ್ತನೆಯ ಶತಮಾನದ ಜನ ನಂಬಿದ್ದರು. ಆದ್ದರಿಂದ ಬುಗ್ಗೆಗಳ ಬಳಿ ವಸತಿಗೃಹಗಳು ತಲೆಯೆತ್ತಿದವು. ಜರ್ಮನಿಯ ಪ್ರಸಿದ್ಧ ಸ್ನಾನಕ್ಷೇತ್ರಗಳನ್ನು ನೆನಪಿಗೆ ತರುವಂತೆ ಊರಿಗೆ ವೆಸ್ಟ್ ಬೇಡನ್ ಎಂದು ಹೆಸರಿಟ್ಟರು. 1887ರಲ್ಲಿ ರೈಲುಮಾರ್ಗ ಬಂದಿತು. ಮರುವರ್ಷ ಲೀ ಸಿಂಕ್ಲೇರ್ ಎಂಬ ಉದ್ಯಮಿ ಅಲ್ಲಿನ ಹೋಟೆಲನ್ನು ಪಾಲುದಾರರೊಡನೆ ಕೊಂಡು, ಅದನ್ನು ಬೆಳೆಸಿದನು.

1901ರ ಜೂನ್ ತಿಂಗಳಲ್ಲಿ ಬೆಂಕಿ ಬಿದ್ದು ಮರದ ಆ ಹೋಟೆಲು ಸುಟ್ಟು ಬೂದಿಯಾಯಿತು. ಪುಣ್ಯವಶಾತ್ ಪ್ರಾಣಹಾನಿಯಾಗಲಿಲ್ಲ. ಸಿಂಕ್ಲೇರ್ ಎದೆಗುಂದಲಿಲ್ಲ. ಬೆಂಕಿಗೆ ಜಗ್ಗದ, ಜಗತ್ತೇ ಬಂದು ನೋಡುವಂತಹ ಗುಮ್ಮಟವುಳ್ಳ ಹೋಟೆಲೊಂದನ್ನು ಒಂದು ವರ್ಷದೊಳಗೆ ಕಟ್ಟಿಸಬೇಕೆಂದು ಅವನು ಸಂಕಲ್ಪ ಮಾಡಿದನು. ಇದು ಆಗದ ಮಾತೆಂದು ಹಲವು ವಾಸ್ತುಶಿಲ್ಪಿಗಳು ಹಿಂಜರಿದರು. ಹ್ಯಾರಿಸನ್ ಆಲ್‌ಬ್ರೈಟ್ ಎಂಬ ವಾಸ್ತುಶಿಲ್ಪಿ ಮುಂದೆ ಬಂದನು. 1902ರ ಸೆಪ್ಟೆಂಬರಿನಲ್ಲಿ ಹೊಸ ಹೋಟೆಲು ಬಾಗಿಲು ತೆರೆಯಿತು.

ಈ ಕಟ್ಟಡದ ರಚನೆ ಗಮನಾರ್ಹವಾದುದು. ಆರು ಅಂತಸ್ತುಗಳ ಕೊಠಡಿಗಳು ವೃತ್ತಾಕಾರದ ವಿಶಾಲವಾದ ಅಂಗಣವನ್ನು ಬಳಸಿ ನಿಂತಿವೆ. ಅಂಗಣದ ಮೇಲೆ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸುಮಾರು 200 ಅಡಿ ಅಗಲದ, ಉಕ್ಕು ಮತ್ತು ಗಾಜಿನ ಗುಮ್ಮಟವಿದೆ. ನಡುವೆ ಒಂದು ಕಂಬವೂ ಇಲ್ಲ! ರೋಮ್ ನಗರದ ಪ್ರಾಚೀನ ಪ್ಯಾಂಥಿಯನ್ನಿನ ಗುಮ್ಮಟದ ಅಗಲ ಸುಮಾರು 142 ಅಡಿ. ಇದನ್ನು ನೆನೆದರೆ ಆಲ್‌ಬ್ರೈಟನ ಸಾಹಸದ ಅಳತೆ ತಿಳಿಯುತ್ತದೆ. ಗುಮ್ಮಟದ 24 ಉಕ್ಕಿನ ಪಕ್ಕೆಲುಬುಗಳು ನೆತ್ತಿಯಲ್ಲಿ ಒಂದು ಉಕ್ಕಿನ ಬಳೆಯಲ್ಲಿ ಸೇರುತ್ತವೆ. ಉಕ್ಕು ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಪಕ್ಕೆಲುಬುಗಳ ಬುಡವನ್ನು ಅಲುಗಾಡದಂತೆ ಬಿಗಿದಿದ್ದರೆ ಕಟ್ಟಡ ಬಿರುಕು ಬಿಡುತ್ತಿತ್ತು. ಆದ್ದರಿಂದ ಅವನ್ನು ಉರುಳೆಗಳ ಮೇಲೆ ಕೂರಿಸಲಾಯಿತು. ಋತುಮಾನಕ್ಕೆ ತಕ್ಕಂತೆ ಗುಮ್ಮಟವು ಉಸಿರಾಡುವ ಜೀವಿಯಂತೆ ತುಸು ಸರಿದಾಡುತ್ತದೆ. ಆ ಕಾಲದಲ್ಲಿ ಇದು ಜಗತ್ತಿನ ಅತ್ಯಂತ ಅಗಲವಾದ ಗುಮ್ಮಟಗಳಲ್ಲಿ ಒಂದಾಗಿತ್ತು. ಜನ ಇದನ್ನು ‘ಜಗತ್ತಿನ ಎಂಟನೆಯ ಅದ್ಭುತ’ ಎಂದು ಕರೆದರು.

ಮುಂದೆ ಹೋಟೆಲು ಹಲವು ಏಳುಬೀಳುಗಳನ್ನು ಕಂಡಿತು. ಮೊದಲನೆಯ ಮಹಾಯುದ್ಧದ ಕೊನೆಗಾಲದಲ್ಲಿ, 1918ರಲ್ಲಿ, ಅದು ಗಾಯಗೊಂಡ ಸೈನಿಕರ ಆಸ್ಪತ್ರೆಯಾಯಿತು. ಯುದ್ಧಾನಂತರ ಮತ್ತೆ ಸಿರಿವಂತರ ವಿಹಾರಸ್ಥಾನವಾಯಿತು. 1929ರ ಅಕ್ಟೋಬರಿನಲ್ಲಿ ಷೇರುಪೇಟೆ ಕುಸಿದಾಗ ಅತಿಥಿಗಳು ಗಂಟುಮೂಟೆ ಕಟ್ಟಿಕೊಂಡು ಹೊರಟುಹೋದರು. 1932ರಲ್ಲಿ ಹೋಟೆಲು ಮುಚ್ಚಿತು. 1934ರಲ್ಲಿ ಅದರ ಒಡೆಯನಾಗಿದ್ದ ಎಡ್ ಬಲ್ಲಾರ್ಡ್ ಆ ಮಹಾಸೌಧವನ್ನು ಜೆಸುಯಿಟ್ ಪಂಥದ ಕ್ರೈಸ್ತ ಗುರುಗಳಿಗೆ ಕೊಟ್ಟನು. ಬೆಲೆ ಒಂದು ಡಾಲರು ಮಾತ್ರ!

ಸರಳಜೀವನದ ವ್ರತ ತೊಟ್ಟ ಆ ಗುರುಗಳಿಗೆ ವೈಭವ ಬೇಕಿರಲಿಲ್ಲ. ಅಲಂಕಾರದ ಸಾಮಗ್ರಿಗಳು ಹೊರಟುಹೋದವು. ನಾಲ್ಕು ಗೋಪುರಗಳನ್ನು ಇಳಿಸಲಾಯಿತು. ಸಂಗೀತ, ನಗೆಗಳಿಂದ ತುಂಬಿದ್ದ ಅಂಗಣದಲ್ಲಿ ಅಧ್ಯಯನದ ಮೌನ ನೆಲೆಸಿತು. 1964ರಲ್ಲಿ ಅವರು ಅಲ್ಲಿಂದ ತೆರಳಿದರು. ತೀರಿಕೊಂಡ ಗುರುಗಳ ಸಣ್ಣ ಸ್ಮಶಾನವೊಂದು ಅಲ್ಲಿ ಉಳಿದುಕೊಂಡಿತು. 1967ರಿಂದ 1983ರವರೆಗೆ ಕಟ್ಟಡದಲ್ಲಿ ಒಂದು ಖಾಸಗಿ ಕಾಲೇಜು ನಡೆಯಿತು. ಆ ಬಳಿಕ ಅದು ಒಡೆತನದ ವ್ಯಾಜ್ಯಗಳಲ್ಲಿ ಸಿಲುಕಿ, ಕೇಳುವವರಿಲ್ಲದೆ ಹಾಳುಬಿದ್ದಿತು.

1991ರ ಜನವರಿಯಲ್ಲಿ ಹೊರಗೋಡೆಯ ಒಂದು ಭಾಗ ಮೇಲಿನಿಂದ ಕೆಳಗಿನವರೆಗೆ ಕುಸಿಯಿತು. ಭೂಕಂಪವಾಗಲಿ ಬಿರುಗಾಳಿಯಾಗಲಿ ಇದಕ್ಕೆ ಕಾರಣವಲ್ಲ. ಮಾಡಿನ ಮೇಲೂ ಮಳೆನೀರಿನ ಕೊಳವೆಗಳಲ್ಲೂ ನಿಂತ ನೀರು ಹೆಪ್ಪುಗಟ್ಟಿತ್ತು. ನೀರು ಮಂಜುಗಡ್ಡೆಯಾದಾಗ ಹಿಗ್ಗುತ್ತದೆಂಬುದನ್ನು ನೀವು ವಿಜ್ಞಾನದ ಪಾಠದಲ್ಲಿ ಓದಿದ್ದೀರಿ. ಹಾಗೆ ಹಿಗ್ಗಿದ ಮಂಜುಗಡ್ಡೆ ಗೋಡೆಯನ್ನು ಒಡೆಯಿತು. ಜಗತ್ತನ್ನು ಬೆರಗುಗೊಳಿಸಿದ ಗುಮ್ಮಟ ಅಲುಗಲಿಲ್ಲ. ಯಾರೂ ನೋಡಿಕೊಳ್ಳದ ಕೊಳವೆಗಳು ಆ ಕಟ್ಟಡವನ್ನು ನಾಶದ ಅಂಚಿಗೆ ತಂದವು.

ಆಗ ಇಂಡಿಯಾನಾದ ಪಾರಂಪರಿಕ ಕಟ್ಟಡಗಳ ರಕ್ಷಣಾ ಸಂಸ್ಥೆಯೊಂದು ಮುಂದೆ ಬಂದು, ಕುಸಿತ ಮುಂದುವರಿಯದಂತೆ ತಡೆದು, 1996ರಲ್ಲಿ ಕಟ್ಟಡವನ್ನೇ ಕೊಂಡುಕೊಂಡಿತು. ವೈದ್ಯಕೀಯ ಉಪಕರಣಗಳ ಉದ್ಯಮಿ ಬಿಲ್ ಕುಕ್ ಮತ್ತು ಅವರ ಪತ್ನಿ ಗೇಲ್ ಕುಕ್ ಜೀರ್ಣೋದ್ಧಾರದ ಹೊಣೆ ಹೊತ್ತರು. ಕಟ್ಟಡ ಮುಂದೆ ಯಾವ ಉಪಯೋಗಕ್ಕೆ ಬಂದೀತೆಂಬುದು ಆಗ ನಿಶ್ಚಯವಾಗಿರಲಿಲ್ಲ. ಮೊದಲು ಅದು ಉಳಿಯಲಿ ಎಂಬುದೇ ಅವರ ಹಂಬಲವಾಗಿತ್ತು. ಕುಸಿದ ಗೋಡೆ ಮತ್ತೆ ಎದ್ದಿತು, ಇಳಿಸಿದ್ದ ಗೋಪುರಗಳು ಮತ್ತೆ ಏರಿದವು. 2007ರಲ್ಲಿ, ಮುಚ್ಚಿ ಎಪ್ಪತ್ತೈದು ವರ್ಷಗಳಾದ ಮೇಲೆ, 243 ಕೊಠಡಿಗಳೊಡನೆ ಹೋಟೆಲು ಮತ್ತೆ ಅತಿಥಿಗಳನ್ನು ಬರಮಾಡಿಕೊಂಡಿತು.

ಒಂದು ಅದ್ಭುತವನ್ನು ನಿರ್ಮಿಸಲು ಸುಮಾರು ಒಂದು ವರ್ಷ ಸಾಕಾಯಿತು. ಅದನ್ನು ಉಳಿಸಿಕೊಳ್ಳಲು ಹಲವರು ವರ್ಷಗಟ್ಟಲೆ ದುಡಿಯಬೇಕಾಯಿತು. ಕಟ್ಟುವವನ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ಪ್ರತಿವರ್ಷ ಮಾಡಿಗೆ ಏರಿ ಕೊಳವೆಯ ಕಸ ತೆಗೆಯುವವನ ಹೆಸರು ಎಲ್ಲಿಯೂ ಇರುವುದಿಲ್ಲ. ಆದರೆ ಇಂದು ವೆಸ್ಟ್ ಬೇಡನ್ನಿನ ಅಂಗಣದಲ್ಲಿ ನಿಂತು ತಲೆಯೆತ್ತಿ ನೋಡುವವನು ಇಬ್ಬರಿಗೂ ಋಣಿ.